ಆಲೆಮನೆ ಹಿಂದಿನ ನೀರು

ಎನ್ವಿರಾನ್ಮೆಂಟಲ್ ಎಂಜಿನಿಯರಿಂಗ್ ಓದ್ತಿದ್ದೀನಿ ಅಂದರೆ ನಮ್ಮೂರಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು: "ಗಿಡ ನೆಡೋದಾ?" ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಸುಮ್ನೆ ಹೂಂ ಅಂದುಬಿಡುತ್ತಿದ್ದೆ. ನಾಲ್ಕು ವರ್ಷದಲ್ಲಿ ಒಂದು ಗಿಡವನ್ನೂ ನೆಡಲಿಲ್ಲ. ಮುಟ್ಟಿದ್ದೆಲ್ಲ ಕೊಳಚೆ ನೀರೇ.

ಮೂರನೇ ವರ್ಷ ಲ್ಯಾಬಿನಲ್ಲಿ ಮೇಷ್ಟ್ರು ಒಂದು ಕೆಲಸ ಹಚ್ಚಿದರು. ಅವರವರ ಊರಿನ ನೀರು ತಂದು ಬಿಓಡಿ ನೋಡಬೇಕು. ನೀರಿನ ಕೊಳೆಯನ್ನು ಬ್ಯಾಕ್ಟೀರಿಯಾ ತಿಂದು ಅರಗಿಸೋಕೆ ಎಷ್ಟು ಆಕ್ಸಿಜನ್ ಖರ್ಚಾಗುತ್ತೆ ಅನ್ನೋ ಲೆಕ್ಕ ಅದು. ಮೈಸೂರಿನ ಹುಡುಗರು ಕುಕ್ಕರಹಳ್ಳಿ ಕೆರೆ ಅಂದರು. ನಾನು ಮಂಡ್ಯ ಪಕ್ಕದ ಹಳ್ಳಿಯವನು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಂತ ಒಂದು, ದೊಡ್ಡಪ್ಪನ ಆಲೆಮನೆ ಹಿಂದಿನ ಹಳ್ಳ ಅಂತ ಇನ್ನೊಂದು ಬರೆಸಿದೆ.

ನೀರಲ್ಲಿ ಕರಗಿದ ಆಕ್ಸಿಜನ್ ನೋಡಬೇಕಾದರೆ ತೆಗೆದ ಜಾಗದಲ್ಲೇ ಎರಡು ದ್ರಾವಣ ಹಾಕಿ ಅದನ್ನು ಹಿಡಿದಿಡಬೇಕು. ಇಲ್ಲದಿದ್ದರೆ ಬಸ್ಸಿಳಿಯುವಷ್ಟರಲ್ಲಿ ಲೆಕ್ಕವೇ ಬೇರೆಯಾಗಿರುತ್ತೆ. ನಾಲೆಯಲ್ಲಿ ಮೊಣಕಾಲುದ್ದ ಇಳಿದು, 300 ಮಿ.ಲೀ. ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದ ಹಾಗೆ ಮುಳುಗಿಸಿ ತುಂಬಿದೆ. ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಇನ್ನೊಂದು ದ್ರಾವಣವನ್ನೂ ಬಿಟ್ಟು ಅಲ್ಲಾಡಿಸಿದೆ. ಕಾಫಿ ಬಣ್ಣದ ಗಸಿ ಎದ್ದಿತು. ಅಂದರೆ ಆಕ್ಸಿಜನ್ ಇದೆ.

ಆಲೆಮನೆಯಲ್ಲಿ ಸೀಸನ್ ಜೋರಾಗಿತ್ತು. ಕೊಪ್ಪರಿಗೆ ತೊಳೆದ ನೀರು, ಚೆಲ್ಲಿದ ಕಬ್ಬಿನ ಹಾಲು ಎಲ್ಲ ಸಣ್ಣ ಕಾಲುವೆಯಲ್ಲಿ ಹರಿದು ಹಿಂದಿನ ಹಳ್ಳ ಸೇರುತ್ತಿತ್ತು. ಮುಂದೆ ನಿಂತರೆ ಬೆಲ್ಲದ ಘಮ, ಹಿಂದೆ ಹೋದರೆ ಹುಳಿ ವಾಸನೆ. ಅದೇ ದ್ರಾವಣ, ಅದೇ ಕೈ. ಈ ಸಲ ಬಾಟಲಿಯೊಳಗೆ ಒಡೆದ ಹಾಲಿನ ಹಾಗೆ ಬೆಳ್ಳಗೆ ಗಸಿ ಕಟ್ಟಿತು.

ಮೇಷ್ಟ್ರಿಗೆ ಫೋನ್ ಮಾಡಿದೆ. "ಸರ್, ರೀಏಜೆಂಟ್ ಕೆಟ್ಟಿದೆ ಅನ್ಸುತ್ತೆ."

"ನಾಲೆ ನೀರಿಗೆ ಕಂದು ಬಂತಾ?"

"ಬಂತು ಸರ್."

"ಮತ್ತೆ ಕೆಟ್ಟಿರೋದು ಯಾವುದಪ್ಪಾ?" ಅಂದು ಇಟ್ಟರು.

ಬೆಳ್ಳಗಿದ್ದರೆ ಆಕ್ಸಿಜನ್ ಇಲ್ಲ ಅಂತ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣೆದುರು ಬಂದಾಗ ಮೊದಲು ಅನುಮಾನ ಬಂದದ್ದು ದ್ರಾವಣದ ಮೇಲೆ. ನಮ್ಮ ಮನೆಯ ಹಳ್ಳ ನೋಡಿ, ಅದಕ್ಕೇ ಇರಬೇಕು.

ದೊಡ್ಡಪ್ಪ ಸೌಟು ಹಿಡಿದೇ ಬಂದರು. "ಏನ್ಲಾ ಅದು?" ಹೇಳಿದೆ. "ಬೆಲ್ಲದ್ ನೀರು ಕಣ್ಲಾ ಅದು, ವಿಷವಾ? ಇರುವೆ ನೆಕ್ತವೆ ಬಂದು." ಅದೇ ತೊಂದರೆ ದೊಡ್ಡಪ್ಪ, ಸಿಹಿ ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾಕ್ಕೆ ಹಬ್ಬ, ತಿನ್ನೋ ಭರಕ್ಕೆ ನೀರಿನ ಉಸಿರನ್ನೆಲ್ಲ ಎಳೆದುಬಿಡ್ತವೆ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೊತ್ತಾರೆ ಹೋದ್ರೆ ಕೆಳಗಿನ್ ಕಟ್ಟೇಲಿ ಮೀನೆಲ್ಲ ಮೇಲ್ ಬಂದು ಬಾಯ್ ಬಾಯ್ ಬಿಡ್ತವೆ" ಅಂದರು. ನನ್ನ ಮೂರು ವರ್ಷದ ಓದನ್ನು ಅವರು ದಿನಾ ಬೆಳಿಗ್ಗೆ ನೋಡುತ್ತಿದ್ದರು!

ಬಿಓಡಿಗೆ ಅಂತ ಅದೇ ಹಳ್ಳದ ನೀರನ್ನು ಕ್ಯಾನಿನಲ್ಲಿ ಬೇರೆಯಾಗಿ ತುಂಬಿ, ಐಸ್ ಹಾಕಿಕೊಂಡು ಒಯ್ದೆ. ಲ್ಯಾಬಿನಲ್ಲಿ ಆಕ್ಸಿಜನ್ ತುಂಬಿದ ಶುದ್ಧ ನೀರು ಬೆರೆಸಿ ನೂರು ಪಟ್ಟು ತೆಳು ಮಾಡಿ 27 ಡಿಗ್ರಿಯಲ್ಲಿ 3 ದಿನ ಇಟ್ಟೆ. ತೆಗೆದು ನೋಡಿದರೆ ಮತ್ತೆ ಬಿಳಿ. ಇದ್ದ ಆಕ್ಸಿಜನ್ನೆಲ್ಲ ಖಾಲಿ, ಅಳೆಯೋಕೆ ಏನೂ ಉಳಿದಿಲ್ಲ. ಮೊದಲೇ ಬೇರೆ ಬೇರೆ ಪಟ್ಟಿನಲ್ಲಿ ನಾಲ್ಕು ಬಾಟಲಿ ಇಡಬೇಕಿತ್ತು. ಸೋಮಾರಿತನ ಮಾಡಿದ್ದೆ. ಹಳೇ ನೀರು ಅಷ್ಟರಲ್ಲಿ ಕೆಲಸಕ್ಕೆ ಬಾರದು. ಮತ್ತೆ ಮಂಡ್ಯ ಬಸ್ಸು.

ಎರಡನೇ ಸಲ ಐನೂರು ಪಟ್ಟು. ಬಾಟಲಿಗೆ ಹಳ್ಳದ ನೀರು ಬರೀ 0.6 ಮಿ.ಲೀ., ಅಂದರೆ ಹತ್ತು ಹನ್ನೆರಡು ಹನಿ. ಅಷ್ಟೇ ಹನಿಗೆ ಆಕ್ಸಿಜನ್ ಲೀಟರಿಗೆ 7.8 ಮಿ.ಗ್ರಾಂ.ನಿಂದ 4.2ಕ್ಕೆ ಇಳಿದಿತ್ತು. ಇಳಿದ 3.6ನ್ನು ಐನೂರರಿಂದ ಗುಣಿಸಿದರೆ ಬಿಓಡಿ ಲೀಟರಿಗೆ 1,800 ಮಿ.ಗ್ರಾಂ. ಹೊಳೆ, ಕೆರೆಗೆ ಬಿಡುವ ನೀರಿಗೆ ಕಾನೂನಿನ ಮಿತಿ 30.

ರೆಕಾರ್ಡಿನಲ್ಲಿ ನೀರು ತೆಗೆದ ಜಾಗ ಬರೆಯೋ ಕಾಲಂ ಹತ್ತಿರ ಪೆನ್ನು ನಿಂತಿತು. 'ಆಲೆಮನೆ ಹಿಂದಿನ ಹಳ್ಳ' ಅಂತಷ್ಟೇ ಬರೆದೆ, ಯಾರದು ಅಂತ ಬರೆಯಲಿಲ್ಲ. ಮುಂದಿನ ಭಾನುವಾರ ಊರಿಗೆ ಹೋದಾಗ ಕಾಲುವೆಗೆ ಮಣ್ಣು ಕಟ್ಟಿತ್ತು. ಹತ್ತಿರದಲ್ಲಿ ಎದೆಯುದ್ದದ ಗುಂಡಿ ಅರ್ಧ ಆಗಿತ್ತು. ಗುದ್ದಲಿ ಅಲ್ಲೇ ಒರಗಿತ್ತು. "ಬಾ ಇಲ್ಲಿ," ಅಂದರು ದೊಡ್ಡಪ್ಪ, "ಓದ್ದೋನು ನೀನು, ಉಳಿದಿದ್ದು ನೀನೇ ತೋಡು."