ದೇವರ ಪ್ರೀತಿ ನನಗೇ ತಟ್ಟುತ್ತಿಲ್ಲ, ಹಂಚುವುದು ಹೇಗೆ?

ಕಾರವಾರದಿಂದ ಭಟ್ಕಳದವರೆಗೆ, ಪೂಜೆ ಮುಗಿದು ಜನ ಚರ್ಚಿನ ಅಂಗಳಕ್ಕೆ ಇಳಿದಾಗ ಕೇಳಿಬರುವ ಪ್ರಶ್ನೆ: "ದೇವರು ಪ್ರೀತಿಸ್ತಾನೆ ಅಂತ ವಾರವಾರ ಹೇಳ್ತೀರಿ. ನಂಗೆ ಏನೂ ಅನ್ನಿಸೋದೇ ಇಲ್ಲ. ಕೈಲಿಲ್ಲದ್ದನ್ನ ಇನ್ನೊಬ್ಬರಿಗೆ ಕೊಡೋದು ಹ್ಯಾಂಗೆ?"

ಅನ್ನಿಸಲಿ ಅಂತ ಕಾಯುವುದೇ ಮೊದಲ ತಪ್ಪು. ಬೈಬಲ್‌ನ ಯೋಹಾನನ ಮೊದಲ ಪತ್ರ 4:19ರಲ್ಲಿ ಇರುವುದು ಒಂದು ಕ್ರಮ ಮಾತ್ರ: ಆತ ಮೊದಲು ಪ್ರೀತಿಸಿದ, ನಾವು ಆಮೇಲೆ. ನಮಗೆ ಅದು ಅನ್ನಿಸಿತೋ ಇಲ್ಲವೋ ಎಂಬ ಮಾತೇ ಅಲ್ಲಿಲ್ಲ.

ಲೂಕ 15ರ ತಪ್ಪಿಹೋದ ಮಗನ ಕಥೆಯನ್ನು ಸಾವಕಾಶ ಓದಿ. ಅಪ್ಪನ ಆಸ್ತಿಯಲ್ಲಿ ಪಾಲು ತಗೊಂಡು ದೂರದೇಶಕ್ಕೆ ಹೋಗಿ, ಎಲ್ಲ ಹಾಳುಮಾಡಿ, ಹಸಿದು ಮರಳಿದ ಕಿರಿಮಗನ ಕಥೆ ಅದು. ಮನೆಗೆ ಹೊರಡುವ ಮುಂಚೆ ಅವನು ಸಿದ್ಧಮಾಡಿಕೊಂಡ ಮಾತಿಗೆ ಮೂರು ತುಂಡು: ಪಾಪ ಮಾಡಿದೆ, ಮಗ ಅನ್ನಿಸಿಕೊಳ್ಳಲು ತಕ್ಕವನಲ್ಲ, ಕೂಲಿಯಾಳಾಗಿ ಇಟ್ಟುಕೋ. 21ನೇ ವಚನದಲ್ಲಿ ಅಪ್ಪನ ಎದುರು ಬರುವುದು ಮೊದಲೆರಡೇ. ಮೂರನೆಯದು ಬಾಯಿಂದ ಹೊರಡುವ ಮೊದಲೇ ಅಪ್ಪ ಆಳುಗಳನ್ನು ಕೂಗಿ ನಿಲುವಂಗಿ, ಉಂಗುರ, ಜೋಡು ತರಿಸಿಬಿಟ್ಟ. ನಮ್ಮಲ್ಲಿ ಬಹಳಷ್ಟು ಮಂದಿ ಸಿಕ್ಕಿಕೊಂಡಿರುವುದು ಆ ಮೂರನೆಯ ತುಂಡಿನಲ್ಲಿ. ಇಷ್ಟು ನವೇನ (ಒಂಬತ್ತು ದಿನದ ಪ್ರಾರ್ಥನೆ), ಇಷ್ಟು ಉಪವಾಸ, ಇಷ್ಟು ಕಾಣಿಕೆ ಅಂತ ದೇವರ ಹತ್ತಿರ ಕೂಲಿಯ ಲೆಕ್ಕ ಇಡುತ್ತೇವೆ. ಹಾಗೆ ಲೆಕ್ಕ ಇಟ್ಟವರು ಕೊಡುವಾಗಲೂ ಲೆಕ್ಕ ಇಡುತ್ತಾರೆ. ಇಷ್ಟು ವರ್ಷ ದುಡಿದ ನನಗೆ ಏನೂ ಕೊಡಲಿಲ್ಲ ಎಂಬ, ಆ ಕಥೆಯ ಹಿರಿಮಗನ ಗೊಣಗಾಟವೂ ಅದೇ ಅಲ್ಲವೇ?

ಮಾಡಬೇಕಾದ್ದು ಸಣ್ಣದು. ಸಂಜೆ ಮನೆಯಲ್ಲಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಆದ ಮೇಲೆ 10 ನಿಮಿಷ ಸುಮ್ಮನೆ ಕೂತು, ಆ ದಿನ ದುಡಿಯದೆ ಸಿಕ್ಕಿದ್ದು ಮೂರನ್ನು ಹೆಸರಿಟ್ಟು ಹೇಳಿ. "ಎಲ್ಲದಕ್ಕೂ ಥ್ಯಾಂಕ್ಸ್" ಅಂದರೆ ನಡೆಯುವುದಿಲ್ಲ, ಅದು ಯಾರಿಗೂ ತಾಗುವುದಿಲ್ಲ. ಆಮೇಲೆ ತಪ್ಪಿದ್ದು ಒಂದು. ಪಾಪನಿವೇದನೆಗೂ ಇದೇ ನಿಖರತೆ ಬೇಕು: "ಸಿಟ್ಟು ಮಾಡಿದೆ" ಅನ್ನುವುದಕ್ಕಿಂತ "ತಮ್ಮನ ಹತ್ತಿರ ಮೂರು ವಾರದಿಂದ ಮಾತು ಬಿಟ್ಟಿದ್ದೇನೆ" ಅನ್ನಿ. ಕ್ಷಮೆ ಆಗ ಒಂದು ಜಾಗಕ್ಕೆ ಬಂದು ಮುಟ್ಟುತ್ತದೆ, ಮರುದಿನ ಫೋನ್ ಮಾಡಬೇಕಾದ್ದು ಯಾರಿಗೆ ಅನ್ನುವುದೂ ತಿಳಿಯುತ್ತದೆ.

ಇನ್ನು ಹಂಚುವುದು. ಯೇಸು ಹೇಳಿದ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನು ಛತ್ರಕ್ಕೆ ಒಯ್ದ ಒಳ್ಳೆಯ ಸಮಾರ್ಯದವನು ಛತ್ರದವನ ಕೈಗೆ ಇಟ್ಟದ್ದು ಎರಡು ಬೆಳ್ಳಿ ನಾಣ್ಯ. ಮತ್ತಾಯ 20ರ ಪ್ರಕಾರ ಅದು ಎರಡು ದಿನದ ಕೂಲಿ. ಅವನು ಮನೆ ಮಾರಲಿಲ್ಲ, ಪ್ರಯಾಣವನ್ನೂ ಬಿಡಲಿಲ್ಲ. ಮತ್ತೆ ಬರುತ್ತೇನೆ ಅಂದ. ಒಮ್ಮೆ ದೊಡ್ಡದಾಗಿ ಕೊಟ್ಟು ಕಾಣೆಯಾಗುವುದಕ್ಕಿಂತ ಇದು ಕಷ್ಟದ್ದು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನಲ್ಲಿ ದುಡಿಯುವವನ ಮನೆಗೆ ಕೈ ಕಟ್ಟುವುದೂ, ಮಕ್ಕಳ ಶಾಲೆ ಶುರುವಾಗುವುದೂ ಒಂದೇ ಹೊತ್ತಿಗೆ. ಎಲ್ಲರೂ ಅಕ್ಕಿ ಚೀಲ ಹೊತ್ತುಕೊಂಡು ಹೋಗುತ್ತಾರೆ. ರೇಷನ್ ಅಕ್ಕಿ ಬರುವ ಮನೆಯಲ್ಲಿ ಕಡಿಮೆ ಬಿದ್ದಿರುವುದು ಎಣ್ಣೆ, ಗ್ಯಾಸು, ನೋಟ್‌ಬುಕ್ಕು, ಬಿ.ಪಿ. ಮಾತ್ರೆ. ಅದಕ್ಕೆ ಮೊದಲ ಸಲ ಖಾಲಿ ಕೈಯಲ್ಲೇ ಹೋಗಿ, ಕೂತು ಕೇಳಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ಅಂದರೆ ಬಡವರಿಗೆ ನೆರವಾಗುವ ಕಥೋಲಿಕ ಸಂಘದವರು, ಮನೆ ಭೇಟಿಗೆ ಇಬ್ಬರಿಬ್ಬರಾಗಿ ಹೋಗುವ ಪದ್ಧತಿ ಇಟ್ಟುಕೊಂಡಿದ್ದಾರೆ. ಒಬ್ಬರು ಮರೆತದ್ದು ಇನ್ನೊಬ್ಬರ ನೆನಪಿನಲ್ಲಿ ಉಳಿಯುತ್ತದೆ, ಊರಿನ ಬಾಯಿಗೂ ಕಡಿವಾಣ. ಶಿರಸಿ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಹಗಲಿಗೆ ಹೋದರೆ ಬಾಗಿಲಿಗೆ ಬೀಗ. ಸಂಜೆ ಹೋಗಿ.

ಕೆಡುವುದು ಹೆಚ್ಚಾಗಿ ಫೋಟೋದಿಂದ. ಕಿಟ್ ಹಿಡಿಸಿ ನಿಲ್ಲಿಸಿ ತೆಗೆದ ಫೋಟೋ ವಾಟ್ಸಪ್‌ಗೆ ಹೋದ ಮೇಲೆ ಆ ಮನೆಯವರು ನಿಮ್ಮನ್ನು ಕಂಡರೆ ದಾರಿ ಬದಲಿಸುತ್ತಾರೆ. ಇನ್ನೊಂದು, "ಭಾನುವಾರ ಚರ್ಚಿಗೆ ಬನ್ನಿ" ಎಂಬ ಬಾಲ. ಪೋಪ್ 16ನೇ ಬೆನೆಡಿಕ್ಟ್ 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ (ಇಡೀ ಸಭೆಗೆ ಪೋಪ್ ಬರೆಯುವ ಬೋಧನೆಯ ಪತ್ರ) ಸ್ಪಷ್ಟವಾಗಿ ಬರೆದಿದ್ದಾರೆ: ಪ್ರೀತಿ ಪುಕ್ಕಟೆ, ಬೇರೆ ಉದ್ದೇಶ ಸಾಧಿಸಲು ಅದನ್ನು ಬಳಸಬಾರದು. ಯಾರಾದರೂ ತಾವಾಗಿ ಯಾಕೆ ಬರುತ್ತೀರಿ ಎಂದು ಕೇಳಿದರೆ ಹೇಳಿ, ಅಷ್ಟೇ.

ಮೂರು ವಾರ ಬಿಟ್ಟು ಮತ್ತೆ ಹೋಗಿ. ಹೊರಡುವಾಗ ಆ ಮನೆಯ ಅಮ್ಮ ಪೇಪರಿನಲ್ಲಿ ಸುತ್ತಿದ ಒಣ ಬಂಗಡೆ ಕೈಗಿಟ್ಟರೆ "ಬೇಡ, ನಿಮಗೇ ಇರಲಿ" ಅನ್ನಬೇಡಿ. ತಗೊಳ್ಳಿ, ಮನೆಗೆ ಹೋಗಿ ಸುಟ್ಟು ಗಂಜಿಯ ಜೊತೆ ತಿನ್ನಿ.