ಗುಂಡನ ಉಪವಾಸ

ಜುಲೈ ತಿಂಗಳ ಮಡಿಕೇರಿಯಲ್ಲಿ ನಮ್ಮ ಬಟ್ಟೆಗಳೇ ಒಣಗುವುದಿಲ್ಲ, ಇನ್ನು ಆಮೆಯ ಬೆನ್ನು ಒಣಗುವುದೆಲ್ಲಿಂದ? ಗುಂಡನಿಗೆ ಕಾಯಿಲೆ ಬಂದದ್ದು ಸರಿಯಾಗಿ ಕೊಡವರ ಕಕ್ಕಡ ತಿಂಗಳ ಜಡಿಮಳೆಯಲ್ಲಿ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಗುಂಡ ಅಂದರೆ ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ರೆಡ್ ಇಯರ್ಡ್ ಸ್ಲೈಡರ್ ಆಮೆ. ಮಿಸಿಸಿಪ್ಪಿ ನದಿಯ ಕಡೆಯ ಜಾತಿ. ಬೆಂಗಳೂರಿನ ಮನೆ ಖಾಲಿ ಮಾಡುವಾಗ ನನ್ನ ತಂಗಿ ತೊಟ್ಟಿ ಸಮೇತ ಇವನನ್ನು ನಮಗೆ ಒಪ್ಪಿಸಿದ್ದಳು.

ಮೂಗಿನ ಬಳಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು ತೇಲುವುದು. ಮೈಸೂರಿಗೆ ಒಯ್ದೆವು. ಶ್ವಾಸಕೋಶದ ಸೋಂಕು ಅಂದರು ಡಾಕ್ಟರು. ಇಂಜೆಕ್ಷನ್ನು ಮುಂಗಾಲಿಗೆ. ಹಿಂಗಾಲಿಗೆ ಕೊಟ್ಟರೆ ಔಷಧಿ ಮೈಗೆಲ್ಲ ಹರಡುವ ಮೊದಲೇ ಕಿಡ್ನಿಗೆ ಹೋಗಬಹುದಂತೆ. ಕೋರ್ಸ್ ಮುಗಿಯುವಷ್ಟರಲ್ಲಿ ಗುಳ್ಳೆ ನಿಂತಿತು, ವಾಲುವುದೂ ನಿಂತಿತು. ಊಟ ಮಾತ್ರ ಶುರುವಾಗಲಿಲ್ಲ.

ಇಲ್ಲಿಂದ ಮನೆಯವರದ್ದೆಲ್ಲ ಒಂದೊಂದು ಸಲಹೆ. ಅತ್ತೆ ಅನ್ನದ ಅಗುಳು ಹಾಕಲು ಹೊರಟರು. ಮಗಳು ಮೀನಿನ ಚೂರು ಹಿಡಿದು ತೊಟ್ಟಿಯ ಮುಂದೆ ಕೂತಳು. ಪಕ್ಕದ ಮನೆಯವರಂತೂ "ಸುಮ್ನೆ ಹಾರಂಗಿ ಹಿನ್ನೀರಿಗೆ ಬಿಟ್ಟುಬಿಡಿ ಅಕ್ಕ, ಅದರ ಪಾಡಿಗೆ ಅದು ತಿನ್ಕೊಳುತ್ತೆ" ಎಂದರು. ಅದೊಂದು ಮಾತ್ರ ಕೂಡದು. ಹೊರಗಿನಿಂದ ಬಂದು ಸ್ಥಳೀಯ ಜೀವಿಗಳ ಜಾಗ ಕಸಿಯುವ ಪ್ರಾಣಿಗಳ ಪೈಕಿ ಇದು ಲೋಕಕುಖ್ಯಾತ.

ಡಾಕ್ಟರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನೀರು ಎಷ್ಟು ಡಿಗ್ರಿ ಇದೆ?" ಥರ್ಮಾಮೀಟರು ಇಟ್ಟು ನೋಡಿದರೆ ಬೆಳಗ್ಗೆ 20ರ ಹತ್ತಿರ. ಆಮೆಗೆ ಸ್ವಂತ ಮೈಶಾಖ ಇಲ್ಲ. ನೀರು ತಣ್ಣಗಿದ್ದರೆ ಹೊಟ್ಟೆಯೂ ತಣ್ಣಗೆ, ತಿಂದದ್ದು ಸರಿಯಾಗಿ ಅರಗುವುದಿಲ್ಲ. ಅಂದರೆ ಹಸಿವಾಗದಿರುವುದೇ ಸರಿ, ಅಲ್ವಾ? ಬಲವಂತವಾಗಿ ಬಾಯಿಗೆ ತುರುಕಬೇಡಿ, ಮೊದಲು ನೀರನ್ನು 27-28ಕ್ಕೆ ತನ್ನಿ ಎಂದರು.

ಹೇಳುವುದು ಸುಲಭ. ತೊಟ್ಟಿಯ ಹೀಟರಿಗೆ ಕರೆಂಟು ಬೇಕು. ಬಚ್ಚಲೊಲೆಯ ಪಕ್ಕ ಇಡೋಣವೆಂದರೆ ಹೊಗೆ, ಈಗಷ್ಟೇ ಶ್ವಾಸಕೋಶ ಸುಧಾರಿಸಿದೆ. ಕೊನೆಗೆ ಆ ಒಲೆಯ ಗೋಡೆಯ ಆಚೆ ಬದಿಯ ಕೋಣೆಗೆ ತೊಟ್ಟಿ ಹೋಯಿತು. ಅಲ್ಲಿ ಗೋಡೆ ಸದಾ ಬೆಚ್ಚಗೆ. ಕರೆಂಟು ಹೋದಾಗ ಹಂಡೆಯ ಬಿಸಿನೀರನ್ನು ಸ್ಟೀಲ್ ಬಾಟಲಿಗೆ ತುಂಬಿ ಮೂಲೆಯಲ್ಲಿ ಮುಳುಗಿಸುವುದು, ಆರಿದರೆ ಬದಲಿಸುವುದು. ಬಾಣಂತನ ಇದಕ್ಕಿಂತ ಸುಲಭ ಎಂದರು ಅತ್ತೆ. ಕರೆಂಟು ಇದ್ದಷ್ಟು ಹೊತ್ತು ಕಲ್ಲಿನ ಮೇಲೆ ಬಲ್ಬಿನ ಶಾಖ, ಜೊತೆಗೆ ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಯುವಿಬಿ ದೀಪ. ಕಿಟಕಿ ಪಕ್ಕ ಇಟ್ಟರೆ ಸಾಲದು, ಗಾಜು ಆ ಕಿರಣವನ್ನು ತಡೆಯುತ್ತದೆ. ಅದೂ ಅಲ್ಲದೆ ಮಡಿಕೇರಿಯಲ್ಲಿ ಆ ತಿಂಗಳು ಬಿಸಿಲು ಯಾರು ಕಂಡಿದ್ದಾರೆ!

ನೀರು ಬೆಚ್ಚಗಾದ ಮೇಲೆ ಗುಂಡ ಮೊದಲು ಕಲ್ಲು ಹತ್ತಿದ. ಹಿಂಗಾಲು ಚಾಚಿ, ಬೆರಳು ಬಿಡಿಸಿ ಮಲಗಿದ. ತಿನ್ನುವ ಯೋಚನೆ ಆಗಲೂ ಇರಲಿಲ್ಲ. ಆಮೆಗೆಂದೇ ಮಾರುವ ಒಣ ಆಹಾರದ ಗುಳಿಗೆ, ಅಂದರೆ ಪೆಲೆಟ್, ಎದುರಿಗೆ ತೇಲಿಬಂದರೆ ಮುಖ ತಿರುಗಿಸುತ್ತಿದ್ದ.

ಆಗ ನೆನಪಾದದ್ದು ಗೊಬ್ಬರದ ಗುಂಡಿ. ಮಳೆಗೆ ಅಲ್ಲಿ ಎರೆಹುಳ ಜಾಸ್ತಿ. ಕಾಫಿ ಗಿಡಗಳಿಗೆ ಔಷಧಿ ಹೊಡೆದ ಕಡೆಯದ್ದು ಬೇಡವೆಂದು ಹಿತ್ತಲಿನದ್ದನ್ನೇ ಆರಿಸಿದೆ. ಜಿಗಣೆಗಳು ನನ್ನ ಕಾಲಿನಲ್ಲಿ ತಮ್ಮ ಊಟ ಮುಗಿಸಿದವು, ಅದು ಬೇರೆ ಕತೆ. ಹುಳವನ್ನು ತೊಳೆದು ಇಕ್ಕಳದಲ್ಲಿ ಹಿಡಿದು ನೀರೊಳಗೆ ಆಡಿಸಿದೆ. ಇವನು ನೀರಿನಲ್ಲಿದ್ದರೆ ಮಾತ್ರ ನುಂಗಬಲ್ಲ. ಕುತ್ತಿಗೆ ಮೆಲ್ಲನೆ ಉದ್ದವಾಯಿತು. ಮೂಗು ಹುಳಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಿತು. ನಾನು ಇಕ್ಕಳ ಅಲ್ಲಾಡಿಸಲೂ ಹೆದರಿದೆ. ಹುಳ ತಾನೇ ಸುರುಳಿ ಸುತ್ತಿತು, ಗಬಕ್ಕನೆ ಕಚ್ಚಿದ. ಅರ್ಧ ಬಾಯೊಳಗೆ, ಅರ್ಧ ಹೊರಗೆ. ಮುಂಗಾಲಿನ ಉಗುರಿನಿಂದ ಹೊರಗಿದ್ದದ್ದನ್ನು ಹರಿದು ತಳ್ಳಿದ. ಮಗಳ ಕೂಗಿಗೆ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು.

ಆಮೇಲಿನ ತಕರಾರು ಬೇರೆ: ಹುಳದ ರುಚಿ ಹತ್ತಿದವನು ಪೆಲೆಟ್ ಮುಟ್ಟುತ್ತಿರಲಿಲ್ಲ. ಪೆಲೆಟ್ ನೆನೆಸಿ, ಹುಳದ ಚೂರಿನ ಜೊತೆ ಹಿಸುಕಿ ಕೊಟ್ಟು, ಹುಳದ ಪಾಲನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಬಂದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ಈಗ ದಿನ ಬಿಟ್ಟು ದಿನ, ಅವನ ತಲೆಯಷ್ಟು ಗಾತ್ರದ ಊಟ, ಜೊತೆಗೆ ಸೊಪ್ಪು. ಇಷ್ಟೇನಾ ಎಂದು ಅತ್ತೆಯ ಗೊಣಗಾಟ ನಡೆದೇ ಇದೆ.