ತಾಕ್ಕೋಲ್ ಎಂದರೆ ಬೀಗದ ಕೈ

ನನ್ನ ತಮ್ಮನಿಗೆ ಈಗ 26 ವರ್ಷ. ಮನೆಯಲ್ಲಿ ಪುಟ್ಟ, ಊರಿಗೂ ಪುಟ್ಟ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಸಂಜೆ ಅಡಿಕೆ ಕೋಣೆಗೆ ಬೀಗ ಹಾಕುವುದು ಅವನ ಕೆಲಸ. ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಬೀಗದ ಕೈಯನ್ನು ದೇವರ ಕೋಣೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಾನೆ. ಅಪ್ಪ ಮರೆತದ್ದಿದೆ, ನಾನು ಮರೆತದ್ದಿದೆ. ಪುಟ್ಟ ಒಂದು ದಿನವೂ ಮರೆತಿಲ್ಲ.

ಅವನಿಗೆ 14 ಆಗಿದ್ದಾಗ ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಒಂದು ಶಿಬಿರಕ್ಕೆ ಹೋಗಿದ್ದೆವು. ಮೇಜಿನ ಮೇಲೆ ಚಮಚ, ಬಾಚಣಿಗೆ, ಬೀಗದ ಕೈ. 'ತಾಕ್ಕೋಲ್ ಎಡುಕ್ಕ್', ಬೀಗದ ಕೈ ತೆಗೆದುಕೋ, ಎಂದರು ಪರೀಕ್ಷಿಸುವವರು. ಪುಟ್ಟ ಅಮ್ಮನ ಮುಖ ನೋಡಿದ. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ನೀವು ಹೇಳಿಕೊಡಬಾರದು ಎಂದರು. ಮತ್ತೊಮ್ಮೆ, ಈಗ ಜೋರಾಗಿ, 'ತಾಕ್ಕೋಲ್!' ಪುಟ್ಟ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕುಳಿತುಬಿಟ್ಟ. ಹೆದರಿದಾಗ ಅವನು ಕುಳಿತುಕೊಳ್ಳುವುದೇ ಹಾಗೆ. ಎದುರಿದ್ದವರು ಕಾಗದದಲ್ಲಿ ಏನೋ ಬರೆದುಕೊಂಡರು. ಅವನಿಗೆ ಗೊತ್ತಿರದಿದ್ದದ್ದು ಬೀಗದ ಕೈ ಅಲ್ಲ, ಮಲಯಾಳದ ಒಂದು ಪದ.

ಅಂಗವಿಕಲತೆಯ ಶೇಕಡಾವಾರು ಹೆಚ್ಚಾದರೆ ಪಿಂಚಣಿಗೆ ಒಳ್ಳೆಯದೇ ಅಲ್ಲವೇ ಎಂದು ಬಂಧುಗಳು ಸಮಾಧಾನ ಹೇಳಿದರು. ನನಗೆ ಇಂದಿಗೂ ಆ ಮಾತು ಒಪ್ಪಿಗೆಯಿಲ್ಲ. ಹೋದಲ್ಲೆಲ್ಲ ಅವನಿಗಿಂತ ಮೊದಲು ಅವನ ಕಾಗದವನ್ನು ಓದುತ್ತಾರೆ. ಹೇಳಿದ್ದು ಅರ್ಥವಾಗುವುದಿಲ್ಲ ಎಂದು ಬರೆದಿದ್ದರಿಂದ ಎರಡು ವರ್ಷ ಅವನಿಗೆ ಮಣಿ ಪೋಣಿಸುವುದರಾಚೆ ಯಾರೂ ಏನನ್ನೂ ಕಲಿಸಲಿಲ್ಲ.

ನಮ್ಮ ಪಂಚಾಯತು ಎಣ್ಮಕಜೆ ಎಂದ ಕೂಡಲೇ ಹೊರಗಿನವರು ಎಂಡೋಸಲ್ಫಾನ್ ಎನ್ನುತ್ತಾರೆ. ಗೇರು ತೋಟಗಳ ಮೇಲೆ 2000ದ ವರೆಗೂ ಹೆಲಿಕಾಪ್ಟರಿನಿಂದ ಸುರಿದ ಈ ಕೀಟನಾಶಕದ ವಿಷ ಎಷ್ಟು ಮನೆಗಳನ್ನು ಹಾಳು ಮಾಡಿತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಪುಟ್ಟನದು ಹುಟ್ಟಿನಿಂದ ಬಂದ ಡೌನ್ ಸಿಂಡ್ರೋಮ್, ಆ ಸಂತ್ರಸ್ತರ ಪಟ್ಟಿಗೆ ಸೇರಿದವನಲ್ಲ. ಆದರೆ ಪಟ್ಟಿಯ ಒಳಗಿನ ಮಕ್ಕಳಿಗೂ ಹೊರಗಿನವರಿಗೂ ಈ ಭಾಷೆಯ ತೊಡಕು ಒಂದೇ.

ಪಂಚಾಯತುಗಳು ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯೊಂದಿಗೆ ಸೇರಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ನಡೆಸುವ ಬಡ್ಸ್ ಶಾಲೆಗಳು ನಮ್ಮಂಥ ಮನೆಗಳಿಗೆ ದೊಡ್ಡ ಆಸರೆ, ಇದನ್ನು ಮನಸಾರೆ ಹೇಳುತ್ತೇನೆ. ಮೊದಲನೆಯದು 2004ರಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ಶುರುವಾಯಿತು. 18ರ ವರೆಗೆ ಶಾಲೆ, ಆಮೇಲೆ ಪುನರ್ವಸತಿ ಕೇಂದ್ರ. ಅಂಥದ್ದೊಂದು ಕೇಂದ್ರಕ್ಕೇ ಪುಟ್ಟ ಈಗ ಹೋಗುವುದು. ಅಲ್ಲಿಗೆ ಮಲಯಾಳ ಮಾತಿನ ಪಯ್ಯನ್ನೂರು ಕಡೆಯಿಂದ ಹೊಸ ಟೀಚರ್ ಬಂದರು. ಮೊದಲ ವಾರವೇ ಅಮ್ಮನನ್ನು ಕೂರಿಸಿಕೊಂಡು ಒಂದು ನೋಟುಪುಸ್ತಕದಲ್ಲಿ ಕನ್ನಡದ ಪದಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡರು: ಬಾ, ಕೂತುಕೋ, ನೀರು, ಸಾಕು, ಎಲ್ಲಿ ನೋವು. ಅಮ್ಮ ಕೊನೆಗೆ ಬೀಗದ ಕೈ ಎಂಬುದನ್ನೂ ಬರೆಸಿದರು. ಈಗ ಅಲ್ಲಿಯ ಕಪಾಟಿನ ಬೀಗ ಪುಟ್ಟನ ವಶದಲ್ಲಿದೆ. ಮೊದಲ ದಿನ ಬೀಗ ಹಾಕಿದವನು ಕೈಯಲ್ಲಿ ಹಿಡಿದುಕೊಂಡು ಗೋಡೆಯುದ್ದಕ್ಕೂ ಹುಡುಕಿದನಂತೆ. ಟೀಚರ್ ಮರುದಿನ ಒಂದು ಮೊಳೆ ಹೊಡೆಸಿದರು.

ಒಳ್ಳೆಯ ಟೀಚರ್ ಸಿಕ್ಕಿದ್ದು ನಮ್ಮ ಪುಣ್ಯ. ಆದರೆ ಇದು ಪುಣ್ಯಕ್ಕೆ ಬಿಡುವ ವಿಷಯವಲ್ಲ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿಯ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಕಾಗದಕ್ಕೆ ಇರುವ ಈ ಹಕ್ಕು ಮೇಜಿನ ಮುಂದೆ ಕುಳಿತ ಮಗುವಿಗೆ ಬೇಡವೇ?

ಪುಟ್ಟನನ್ನು ಮತ್ತೊಮ್ಮೆ ಪರೀಕ್ಷಿಸಬೇಕೆಂದೂ ಆಗ ಕನ್ನಡ ಬಲ್ಲ ಒಬ್ಬರು ಜೊತೆಗಿರಬೇಕೆಂದೂ ಕಳೆದ ಸೋಮವಾರ ಅರ್ಜಿ ಕೊಟ್ಟಿದ್ದೇನೆ, ಕನ್ನಡದಲ್ಲೇ. ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಇಂಥ ಮಕ್ಕಳಿರುವ ಅಮ್ಮಂದಿರು, ಅಕ್ಕಂದಿರು ಯಾರಿಗಾದರೂ ಅದರ ಪ್ರತಿ ಬೇಕಿದ್ದರೆ ಕೇಳಿ, ಕಳುಹಿಸುತ್ತೇನೆ. ಹೆಸರು ಬದಲಿಸಿಕೊಂಡರೆ ಸಾಕು.